ಮತಕ್ಕೊಂದು ಬಾಗಿಲು

ಹೈದರಾಬಾದಿನ ಜುಬಿಲಿ ಹಿಲ್ಸ್ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣಿಗೆ ಬರುವುದು ತೆಲುಗು ತಾರೆಯರ ಬಂಗಲೆ, ಎತ್ತರದ ಕಾಂಪೌಂಡು, ಗೇಟಿನ ಬಳಿ ಕಾವಲುಗಾರ. ಅದೇ ಹೆಸರಿನ ವಿಧಾನಸಭಾ ಕ್ಷೇತ್ರದೊಳಗೆ ಕಾಲಿಟ್ಟರೆ ಸಿಗುವುದು ಬೇರೆಯದೇ ಊರು. ಬೋರಬಂಡ, ರಹಮತ್‌ನಗರ, ಯೂಸುಫ್‌ಗುಡ, ಎರ್ರಗಡ್ಡ. ಗೋಡೆಗೆ ಗೋಡೆ ತಾಗಿದ ಮನೆಗಳು, ಆಟೊ ಓಡಿಸುವವರು, ಸಿನಿಮಾ ಚಿತ್ರೀಕರಣಕ್ಕೆ ದಿನಗೂಲಿಯ ಮೇಲೆ ಹೋಗುವವರು, ಸಣ್ಣ ಅಂಗಡಿಯವರು, ದೊಡ್ಡ ಸಂಖ್ಯೆಯ ಮುಸ್ಲಿಮರು, ಕರಾವಳಿ ಆಂಧ್ರದಿಂದ ಬಂದು ನೆಲೆನಿಂತವರು. ಬಂಗಲೆಗಳ ಸಾಲು ಬಹುಮಟ್ಟಿಗೆ ಪಕ್ಕದ ಖೈರತಾಬಾದ್ ಕ್ಷೇತ್ರದ ಪಾಲು.

2014ರಲ್ಲಿ ಈ ಕ್ಷೇತ್ರ ತೆಲುಗುದೇಶಂ ಪಕ್ಷದ ಮಾಗಂಟಿ ಗೋಪಿನಾಥ್ ಅವರನ್ನು ಗೆಲ್ಲಿಸಿತು. 2018ರಲ್ಲಿ ಅವರೇ ಟಿಆರ್‌ಎಸ್ ಅಭ್ಯರ್ಥಿಯಾಗಿ ಗೆದ್ದರು. 2023ರಲ್ಲಿ, ಬಿಆರ್‌ಎಸ್ ಎಂದು ಹೆಸರು ಬದಲಿಸಿಕೊಂಡಿದ್ದ ಅದೇ ಪಕ್ಷದಿಂದ, ಕಾಂಗ್ರೆಸ್ಸಿನ ಮೊಹಮ್ಮದ್ ಅಜರುದ್ದೀನ್ ಅವರನ್ನು ಸೋಲಿಸಿ ಮೂರನೆಯ ಸಲ ಗೆದ್ದರು. ಅವರು ತೀರಿಕೊಂಡ ಮೇಲೆ 2025ರ ನವೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಗೆದ್ದದ್ದು ಕಾಂಗ್ರೆಸ್ಸಿನ ನವೀನ್ ಯಾದವ್. ಈ ನವೀನ್ 2014ರಲ್ಲಿ ಮಜ್ಲಿಸ್ (ಎಐಎಂಐಎಂ) ಪಕ್ಷದಿಂದ ಇಲ್ಲೇ ನಿಂತು ಎರಡನೆಯ ಸ್ಥಾನ ಪಡೆದವರು. ಹನ್ನೊಂದು ವರ್ಷಗಳಲ್ಲಿ ಬೋರಬಂಡದ ಆಟೊ ಚಾಲಕನ ಜಾತಿ ಬದಲಾಗಿಲ್ಲ, ಧರ್ಮ ಬದಲಾಗಿಲ್ಲ, ಬಹುಶಃ ಬಾಡಿಗೆ ಮನೆಯೂ ಬದಲಾಗಿಲ್ಲ. ಕ್ಷೇತ್ರ ಮಾತ್ರ ಮೂರು ಚಿಹ್ನೆಗಳನ್ನು ದಾಟಿತು. ಹಾಗಾದರೆ ಹಿನ್ನೆಲೆಯೇ ಮತವನ್ನು ನಿರ್ಧರಿಸುತ್ತದೆ ಎಂದು ನಾವು ಇಷ್ಟು ನಿಶ್ಚಿಂತೆಯಿಂದ ಹೇಳುವುದು ಯಾವ ಧೈರ್ಯದ ಮೇಲೆ?

ಧೈರ್ಯಕ್ಕೆ ಆಧಾರ ಇಲ್ಲದಿಲ್ಲ. 1940ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈರೀ ಕೌಂಟಿಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಅಧ್ಯಕ್ಷೀಯ ಚುನಾವಣೆಯ ಮುಂಚಿನ ತಿಂಗಳುಗಳಲ್ಲಿ ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿದರು. ಪ್ರಚಾರವು ಮನಸ್ಸನ್ನು ಹೇಗೆ ತಿರುಗಿಸುತ್ತದೆಂದು ನೋಡಲು ಹೊರಟವರಿಗೆ ಕಂಡದ್ದು, ಬಹುಪಾಲು ಮನಸ್ಸುಗಳು ತಿರುಗಲೇ ಇಲ್ಲ ಎಂಬುದು. ಆಸ್ತಿ ಎಷ್ಟು, ಧರ್ಮ ಯಾವುದು, ವಾಸ ಹಳ್ಳಿಯಲ್ಲೋ ಪೇಟೆಯಲ್ಲೋ ಎಂದು ತಿಳಿದರೆ ಮತ ಎತ್ತ ಬೀಳುತ್ತದೆಂದು ಬಹುಮಟ್ಟಿಗೆ ಹೇಳಬಹುದಿತ್ತು. ನಮ್ಮಲ್ಲಿ ಇದನ್ನು ಯಾವ ವಿಶ್ವವಿದ್ಯಾಲಯವೂ ಹೇಳಿಕೊಡಬೇಕಾಗಿಲ್ಲ. ಟಿಕೆಟ್ ಕೇಳಲು ಹೋಗುವ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಹಾಳೆ ಇರುತ್ತದೆ: ಲಿಂಗಾಯತ ಇಷ್ಟು, ಕುರುಬ ಇಷ್ಟು, ಎಡಗೈ ಇಷ್ಟು, ಬಲಗೈ ಇಷ್ಟು, ಮುಸ್ಲಿಂ ಇಷ್ಟು. ಕೆಳಗೊಂದು ಗೆರೆ ಎಳೆದು ಮೊತ್ತ. ಆ ಹಾಳೆ ಸುಳ್ಳಲ್ಲ. ಆದರೆ ಈ ಸಲದ ಹಾಳೆಯಲ್ಲಿರುವ ಸಂಖ್ಯೆಗಳೇ ಹತ್ತು ವರ್ಷದ ಹಿಂದೆಯೂ ಇದ್ದವು, ಫಲಿತಾಂಶ ಮಾತ್ರ ಬೇರೆಯಾಗಿತ್ತು ಎಂಬುದಕ್ಕೆ ಅದರಲ್ಲಿ ಅಂಕಣವಿಲ್ಲ.

ಹೈದರಾಬಾದಿನಲ್ಲಿ ‘ಸೆಟ್ಲರ್’ ಎಂದು ಕರೆಸಿಕೊಳ್ಳುವ ಆಂಧ್ರ ಮೂಲದವರನ್ನೇ ನೋಡಿ. ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿ, ಎಲ್.ಬಿ. ನಗರ, ವನಸ್ಥಲಿಪುರಂ ಇವರ ನೆಲೆಗಳು. ಗುಂಟೂರು, ಕೃಷ್ಣಾ ಜಿಲ್ಲೆಗಳ ಹೊಲದ ದುಡ್ಡು ಇಲ್ಲಿ ಅಪಾರ್ಟ್‌ಮೆಂಟು, ಕೋಚಿಂಗ್ ಸೆಂಟರು, ಆಸ್ಪತ್ರೆಯಾಗಿ ಬೆಳೆದದ್ದು. 1982ರಲ್ಲಿ ಎನ್.ಟಿ. ರಾಮರಾವ್ ಹೈದರಾಬಾದಿನಲ್ಲಿ ತೆಲುಗುದೇಶಂ ಕಟ್ಟಿದಾಗಿನಿಂದ ಇವರಲ್ಲಿ ಹಲವರಿಗೆ ಅದು ಮನೆಯ ಪಕ್ಷ. 2014ರಲ್ಲಿ ತೆಲಂಗಾಣ ಬೇರೆಯಾಗುತ್ತಿದ್ದ ಹೊತ್ತಿನ ಚುನಾವಣೆಯಲ್ಲಿ ಈ ನಂಟು ಕಣ್ಣಿಗೆ ಹೊಡೆಯುವಂತೆ ಕಂಡಿತು. ರಾಜ್ಯ ಗೆದ್ದದ್ದು ಟಿಆರ್‌ಎಸ್. ಆದರೆ ತೆಲುಗುದೇಶಂ ತೆಲಂಗಾಣದಲ್ಲಿ ಗೆದ್ದ 15 ಸ್ಥಾನಗಳಲ್ಲಿ ಬಹುಪಾಲು ಹೈದರಾಬಾದ್ ಮತ್ತು ಅದರ ಸುತ್ತಮುತ್ತಲಿನವು. ಅದರ ಜೊತೆಗಾರ ಬಿಜೆಪಿ ಗೆದ್ದ ಐದೂ ನಗರದೊಳಗಿನವು. ಹೊಸ ರಾಜ್ಯದಲ್ಲಿ ನಮ್ಮ ಗತಿಯೇನು ಎಂಬ ದಿಗಿಲು ಮತವಾಗಿತ್ತು.

ಎರಡೇ ವರ್ಷ. 2016ರ ಮಹಾನಗರ ಪಾಲಿಕೆ ಚುನಾವಣೆಯಲ್ಲಿ 150 ವಾರ್ಡುಗಳಲ್ಲಿ ಟಿಆರ್‌ಎಸ್ 99, ತೆಲುಗುದೇಶಂ ಒಂದು. 2018ರಲ್ಲಿ ಕೂಕಟ್‌ಪಲ್ಲಿಯಿಂದ ಎನ್‌ಟಿಆರ್ ಅವರ ಮೊಮ್ಮಗಳು ನಂದಮೂರಿ ಸುಹಾಸಿನಿಯೇ ನಿಂತರು. ಜಾತಿ, ಊರು, ರಕ್ತ, ಸಿನಿಮಾ, ಅನುಕಂಪ ಎಲ್ಲವೂ ಅವರ ಕಡೆಗಿದ್ದವು. ತಂದೆ ಹರಿಕೃಷ್ಣ ಕೆಲವೇ ತಿಂಗಳ ಹಿಂದೆ ಅಪಘಾತದಲ್ಲಿ ತೀರಿಕೊಂಡಿದ್ದರು. ಹಾಳೆಯ ಲೆಕ್ಕದಲ್ಲಿ ಇದಕ್ಕಿಂತ ಸುಲಭದ ಕ್ಷೇತ್ರ ಇರಲಾರದು. ನಲವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದವರು ಮಾಧವರಂ ಕೃಷ್ಣಾರಾವ್. 2014ರಲ್ಲಿ ತೆಲುಗುದೇಶಂ ಪಕ್ಷದಿಂದ ಅಲ್ಲೇ ಗೆದ್ದು ಆಮೇಲೆ ಟಿಆರ್‌ಎಸ್ ಸೇರಿದವರು. 2023ರಲ್ಲಿ ಕಾಂಗ್ರೆಸ್ ರಾಜ್ಯವನ್ನು ಗೆದ್ದುಕೊಂಡಾಗ ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಅದಕ್ಕೆ ಒಂದೂ ಸ್ಥಾನ ಸಿಗಲಿಲ್ಲ. ಪ್ರತ್ಯೇಕ ತೆಲಂಗಾಣಕ್ಕೆ ಹೋರಾಡಿದ ಪಕ್ಷವನ್ನು ಆ ಹೋರಾಟಕ್ಕೆ ಬೆದರಿದ್ದವರೇ ನೆತ್ತಿಯ ಮೇಲೆ ಹೊತ್ತು ಕಾಪಾಡಿದಂತಾಯಿತು.

ಇದನ್ನು ಅವಕಾಶವಾದ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೆಟ್ಲರ್ ಆಗಿರುವುದೆಂಬ ಹಿನ್ನೆಲೆ ಅವರಿಗೆ ಕೊಟ್ಟದ್ದು ಪಕ್ಷವನ್ನಲ್ಲ, ಒಂದು ಆತಂಕವನ್ನು. ನನ್ನ ನಿವೇಶನದ ಕಾಗದಕ್ಕೆ, ಮಗಳ ಸೀಟಿಗೆ, ಅಂಗಡಿಯ ಗಾಜಿಗೆ ಕೇಡಾಗದಂತೆ ಯಾರು ನೋಡಿಕೊಳ್ಳುತ್ತಾರೆ? 2014ರಲ್ಲಿ ಆ ಪ್ರಶ್ನೆಗೆ ಉತ್ತರ ತೆಲುಗುದೇಶಂನ ಚಂದ್ರಬಾಬು. ಅವರು ಆಂಧ್ರದ ರಾಜಧಾನಿಯನ್ನು ಅಮರಾವತಿಗೆ ಕೊಂಡೊಯ್ದ ಮೇಲೆ ಉತ್ತರ ಟಿಆರ್‌ಎಸ್ ನಾಯಕ ಕೆಸಿಆರ್. ಪ್ರಶ್ನೆ ಒಂದೇ, ತಟ್ಟಬೇಕಾದ ಬಾಗಿಲು ಬೇರೆ. ಹಿನ್ನೆಲೆ ಎನ್ನುವುದು ನಮ್ಮ ಕೈಗಿಡುವುದು ಉತ್ತರವನ್ನಲ್ಲ, ಪ್ರಶ್ನೆಯನ್ನು ಎಂದು ನಾನು ನಂಬತೊಡಗಿದ್ದು ಕೂಕಟ್‌ಪಲ್ಲಿಯ ಈ ಫಲಿತಾಂಶದಿಂದ. ಯಾವ ಕಚೇರಿಯಲ್ಲಿ ನನ್ನ ಮಾತು ನಡೆಯುವುದಿಲ್ಲ, ಎಲ್ಲಿ ನನ್ನ ಪರವಾಗಿ ಇನ್ನೊಬ್ಬ ಫೋನ್ ಮಾಡಬೇಕಾಗುತ್ತದೆ ಎಂಬುದನ್ನು ಜಾತಿಯೂ ಧರ್ಮವೂ ಸಂಬಳವೂ ಸೇರಿ ತೀರ್ಮಾನಿಸುತ್ತವೆ. ಆ ಫೋನ್ ಮಾಡುವವನು ಯಾರು ಎಂಬುದನ್ನು ಅವು ತೀರ್ಮಾನಿಸುವುದಿಲ್ಲ.

ಕನ್ನಡಿಗರಿಗೆ ಈ ಮಾತನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. 1956ರವರೆಗೆ ತಾಂಡೂರು ಮತ್ತು ಕೊಡಂಗಲ್ ಗುಲಬರ್ಗಾ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂದಿತು, ಇವೆರಡು ಆಂಧ್ರಕ್ಕೆ ಹೋದವು. ಗೆರೆಯ ಎರಡೂ ಕಡೆ ಅದೇ ಹಾಸುಗಲ್ಲು, ಅದೇ ತೊಗರಿ. ಸೇಡಂ ತಾಲೂಕಿನವರಿಗೆ ತಾಂಡೂರಿನಲ್ಲಿ ಬೀಗರು, ತಾಂಡೂರಿನವರಿಗೆ ಚಿಂಚೋಳಿಯಲ್ಲಿ ದೇವರು. ಜಾತಿಗಳ ಹಂಚಿಕೆಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಸೇಡಂನಲ್ಲಿ ಪೈಪೋಟಿ ಕಾಂಗ್ರೆಸ್ ಮತ್ತು ಬಿಜೆಪಿಯ ನಡುವೆ. ತಾಂಡೂರಿನಲ್ಲಿ ಬಿಆರ್‌ಎಸ್ ಮತ್ತು ಕಾಂಗ್ರೆಸ್ಸಿನ ನಡುವೆ. ಬೀದರಿನಲ್ಲಿ ಲಿಂಗಾಯತರೆಂದರೆ ಬಿಜೆಪಿ ಎಂದು ಕಣ್ಣುಮುಚ್ಚಿ ಬರೆಯುವ ಪಂಡಿತರು ಮೂವತ್ತು ಕಿಲೋಮೀಟರ್ ಆಸುಪಾಸಿನ ಜಹೀರಾಬಾದಿಗೆ ಹೋದರೆ ಪೆನ್ನು ಕೆಳಗಿಡಬೇಕಾಗುತ್ತದೆ. ಅಲ್ಲಿ 2014, 2019ರಲ್ಲಿ ಲಿಂಗಾಯತರಾದ ಬಿ.ಬಿ. ಪಾಟೀಲರು ಲೋಕಸಭೆಗೆ ಗೆದ್ದದ್ದು ಟಿಆರ್‌ಎಸ್ ಪಕ್ಷದಿಂದ. 2024ರಲ್ಲಿ ಅವರೇ ಬಿಜೆಪಿಯಿಂದ ನಿಂತು, ಕಾಂಗ್ರೆಸ್ಸಿನ ಇನ್ನೊಬ್ಬ ಲಿಂಗಾಯತ ಸುರೇಶ್ ಶೆಟ್ಕಾರ್ ಎದುರು ಸೋತರು. ಹಿನ್ನೆಲೆ ಗಡಿ ದಾಟಿ ಹರಡಿದೆ. ಅಧಿಕಾರದ ವಿಳಾಸ ಮಾತ್ರ ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಹೈದರಾಬಾದ್.

ನಮ್ಮ ಕಡೆಯ ಲಿಂಗಾಯತರು ಕಾಂಗ್ರೆಸ್ಸಿನಿಂದ ದೂರವಾದ ಕಥೆಯೂ ಇಲ್ಲಿ ನೆನಪಾಗುತ್ತದೆ. 1989ರಲ್ಲಿ ಚಿಂಚೋಳಿಯ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. 1990ರ ಅಕ್ಟೋಬರಿನಲ್ಲಿ ಕಾಯಿಲೆಯಲ್ಲಿದ್ದ ಅವರನ್ನು ಇಳಿಸುವ ಮಾತನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಹೇಳಿ ಹೋದರು. 1994ರಲ್ಲಿ ಕಾಂಗ್ರೆಸ್ಸಿಗೆ ಉಳಿದದ್ದು 34. ಅದೊಂದೇ ಕಾರಣವಲ್ಲ, ಮಂಡಲ್, ಅಯೋಧ್ಯೆ, ಒಳಜಗಳ ಎಲ್ಲವೂ ಇದ್ದವು. ಆದರೂ ಆ ನಾಲ್ಕು ವರ್ಷಗಳಲ್ಲಿ ಯಾರ ಹೊಲವೂ ಹಿಗ್ಗಿರಲಿಲ್ಲ, ಕುಗ್ಗಿರಲಿಲ್ಲ. ಬದಲಾದದ್ದು ಒಂದು ಮನೆಯಲ್ಲಿ ತಮಗೆ ಮರ್ಯಾದೆಯಿದೆ ಎಂಬ ನಂಬಿಕೆ.

ಈಗ ಮೂಸಿ ನದಿಯ ದಕ್ಷಿಣಕ್ಕೆ, ಹಳೇ ನಗರಕ್ಕೆ ಹೋಗೋಣ. ಇಡೀ ಭಾರತದಲ್ಲಿ ಹಿನ್ನೆಲೆಗೂ ಮತಕ್ಕೂ ನೇರ ಗೆರೆ ಎಳೆಯಬಹುದಾದ ಜಾಗವಿದ್ದರೆ ಇದೇ ಎಂದು ಎಲ್ಲರೂ ಹೇಳುತ್ತಾರೆ. ಮುಸ್ಲಿಮರು ಹೆಚ್ಚು, ಆದ್ದರಿಂದ ಮಜ್ಲಿಸ್. 1984ರಿಂದ ಹೈದರಾಬಾದ್ ಲೋಕಸಭಾ ಸ್ಥಾನ ಒಂದೇ ಮನೆತನದ ಕೈಯಲ್ಲಿದೆ. ಮೊದಲು ಸುಲ್ತಾನ್ ಸಲಾಹುದ್ದೀನ್ ಒವೈಸಿ, 2004ರಿಂದ ಅಸದುದ್ದೀನ್. 2009ರಿಂದೀಚೆಗೆ ವಿಧಾನಸಭೆಯಲ್ಲಿ ಪಕ್ಷದ ಬಲ ಪ್ರತಿಸಲವೂ ಏಳು. ರಾಜ್ಯ ಒಡೆಯಿತು, ಮುಖ್ಯಮಂತ್ರಿಗಳು ಬದಲಾದರು, ಏಳು ಏಳಾಗಿಯೇ ಉಳಿಯಿತು.

ಆದರೆ 1984ರ ಹಿಂದಕ್ಕೆ ಹೋಗಿ ನೋಡಿ. 1952ರಲ್ಲಿ ಈ ನಗರ ಲೋಕಸಭೆಗೆ ಕಳಿಸಿದ್ದು ಕಾಂಗ್ರೆಸ್ಸಿನ ಅಹ್ಮದ್ ಮೊಹಿಯುದ್ದೀನ್ ಅವರನ್ನು. 1957ರಲ್ಲಿ ಆರ್ಯ ಸಮಾಜದ ಮುಂದಾಳು ವಿನಾಯಕರಾವ್ ಕೊರಟಕರ್. 1962 ಮತ್ತು 1967ರಲ್ಲಿ ನಮ್ಮ ಮೇಲುಕೋಟೆಯ ಹೆಸರನ್ನು ಹೊತ್ತ ಡಾ. ಜಿ.ಎಸ್. ಮೇಲ್ಕೋಟೆ. 1971ರಲ್ಲಿ ಅದೇ ಮೇಲ್ಕೋಟೆ, ಆದರೆ ಪ್ರತ್ಯೇಕ ತೆಲಂಗಾಣ ಕೇಳುತ್ತಿದ್ದ ತೆಲಂಗಾಣ ಪ್ರಜಾ ಸಮಿತಿಯಿಂದ. 1977, 1980ರಲ್ಲಿ ಮತ್ತೆ ಕಾಂಗ್ರೆಸ್ಸಿನ ಕೆ.ಎಸ್. ನಾರಾಯಣ. ಮೂವತ್ತೆರಡು ವರ್ಷ ಈ ನಗರದ ಮುಸ್ಲಿಮರಿದ್ದರು, ಅವರ ಕಷ್ಟ ಇತ್ತು, ಮಜ್ಲಿಸ್ ಕೂಡ 1958ರಿಂದ ಮತ್ತೆ ಕಣ್ಣುಬಿಟ್ಟಿತ್ತು. ಲೋಕಸಭೆಯ ಬಾಗಿಲು ಮಾತ್ರ ಅದಕ್ಕೆ ತೆರೆಯಲಿಲ್ಲ.

ಕಷ್ಟ ಎಂದೆ, ಅದು ಸಣ್ಣದಾಗಿರಲಿಲ್ಲ. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ ಮುಗಿದಾಗ ಒಂದು ವರ್ಗದ ಬದುಕಿನ ಆಧಾರವೇ ಕುಸಿದಿತ್ತು. ನಿಜಾಮನ ಸೇನೆ ಇಲ್ಲವಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ಉರ್ದು ಆಡಳಿತದ ಗದ್ದುಗೆಯಿಂದ ಇಳಿಯಿತು, ಉಸ್ಮಾನಿಯಾದ ಪಾಠದ ಭಾಷೆ ಬದಲಾಯಿತು. ಸಿಪಾಯಿ, ಗುಮಾಸ್ತ, ಜಾಗೀರಿನ ಲೆಕ್ಕ ಬರೆಯುವ ಮುನ್ಷಿ, ಶ್ರೀಮಂತರ ದೇವಡಿಯ ಅಡುಗೆಯವ ಎಲ್ಲರ ಸಂಬಳವೂ ಒಂದೇ ಮೂಲದಿಂದ ಬರುತ್ತಿತ್ತು, ಆ ಮೂಲವೇ ಬತ್ತಿತು. ಗೆದ್ದವರ ಕಡೆಯ ಇತಿಹಾಸ ಇವರನ್ನು ಆಳುವ ವರ್ಗ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಆಳುವವನ ಬಾಗಿಲು ಕಾಯುವವನು ಆಳುವವನಲ್ಲ. ಇಷ್ಟೆಲ್ಲ ಆದ ಬೆನ್ನಿಗೇ ಸಿಟ್ಟಿನ ಮತ ಮಜ್ಲಿಸ್‌ಗೆ ಬಿದ್ದಿದ್ದರೆ ಲೆಕ್ಕ ಸರಿಯಾಗುತ್ತಿತ್ತು. ಬೀಳಲಿಲ್ಲ. ಗಾಯವಿದ್ದರೆ ಸಾಲದು, ಆ ಗಾಯವನ್ನು ಹಿಡಿದು ನಿಲ್ಲುವ ಸಂಸ್ಥೆ ಬೇಕು. ಅಲ್ಲಿಯವರೆಗೆ ಜನ ಆಳುವ ಕಾಂಗ್ರೆಸ್ಸಿನ ನೆರಳಲ್ಲಿ ತಲೆ ತಗ್ಗಿಸಿ ನಿಲ್ಲುವುದೇ ಕ್ಷೇಮ ಎಂದುಕೊಂಡರು.

1984ಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆದವು. ಕೊಲ್ಲಿಯ ದುಡ್ಡು ಬಂತು. ಜೆಡ್ಡಾದಲ್ಲಿ ದುಡಿದವನ ಮನೆಗೆ ಕಾಂಕ್ರೀಟ್ ಛಾವಣಿ ಬಂತು, ಜೊತೆಗೆ ಯಾರ ಹಂಗಿಲ್ಲದ ನಡೆಯೂ ಬಂತು. 1978ರಿಂದ ಮತ್ತೆ ಮತ್ತೆ ಗಲಭೆಗಳಾದವು, ಪ್ರತಿ ಗಲಭೆಯ ಮೇಲೂ ಹಳೇ ನಗರದಿಂದ ಒಂದಷ್ಟು ಹಿಂದೂ ಮನೆಗಳು ಉತ್ತರಕ್ಕೆ, ಬೇರೆ ಕಡೆಯಿಂದ ಒಂದಷ್ಟು ಮುಸ್ಲಿಂ ಮನೆಗಳು ದಕ್ಷಿಣಕ್ಕೆ ಸರಿದವು. ಮೊದಲು ಪಕ್ಕಪಕ್ಕ ಇದ್ದವರು ಈಗ ಎದುರುಬದುರು. ಇನ್ನೊಂದು ಸಂಗತಿ ತೆಲುಗುದೇಶಂ ಹುಟ್ಟಿದ್ದು. ಅದರಿಂದ ಉಳಿದ ಮತಗಳು ಹಂಚಿಹೋದವು, ಪಕ್ಷೇತರರಾಗಿ ನಿಂತಿದ್ದ ಸಲಾಹುದ್ದೀನ್ ಕೆಲವೇ ಸಾವಿರದ ಅಂತರದಲ್ಲಿ ಗೆದ್ದರು. 80ರ ದಶಕದಲ್ಲಿ ಮಜ್ಲಿಸ್ ಹಿಂದಿನ ಟ್ರಸ್ಟುಗಳು ವೈದ್ಯಕೀಯ ಕಾಲೇಜು, ಆಸ್ಪತ್ರೆ, ಬ್ಯಾಂಕುಗಳನ್ನು ಬೆಳೆಸಿದವು. ಪಕ್ಷದ ಕಚೇರಿ ದಾರುಸ್ಸಲಾಮಿನಲ್ಲಿ ಶಾಸಕರು ಮೇಜು ಹಾಕಿ ಕೂರುವುದು ರೂಢಿಯಾಯಿತು. ಆಸ್ಪತ್ರೆಯ ಬಿಲ್ಲು, ಶಾಲೆಯ ಫೀಜು, ರೇಷನ್ ಕಾರ್ಡು, ಕರೆಂಟ್ ಮೀಟರು, ಠಾಣೆಯಲ್ಲಿ ಕೂರಿಸಿಕೊಂಡ ಮಗ. ಬಂದವರು ಹೇಳುತ್ತಾರೆ, ಶಾಸಕರು ಅಲ್ಲೇ ಫೋನ್ ಹಚ್ಚುತ್ತಾರೆ, ಇಲ್ಲವೇ ಸಿಫಾರಸು ಚೀಟಿ ಬರೆಯುತ್ತಾರೆ. ‘ಕಾಮ್ ಹೋ ಜಾತಾ’ (ಕೆಲಸ ಆಗಿಬಿಡುತ್ತದೆ) ಎಂಬ ದಖನಿ ಮಾತಿನಲ್ಲಿ ಇಡೀ ರಾಜಕೀಯ ಸಿದ್ಧಾಂತವಿದೆ.

ಹಾಗಾಗಿ ಮುಸ್ಲಿಮರಿದ್ದುದರಿಂದ ಮಜ್ಲಿಸ್ ಗೆದ್ದಿತು ಎನ್ನುವುದು ಅರ್ಧ ಮಾತು. ದರ್ಜಿ, ರಿಕ್ಷಾದವ, ಪಠಾಣ, ಬಾರ್ಕಸ್ಸಿನ ಅರಬ, ಖುರೇಷಿ ಎಲ್ಲರನ್ನೂ ಕೂಡಿಸಿ ‘ಹಳೇ ನಗರದ ಮುಸ್ಲಿಂ ಮತ’ ಎಂಬ ಒಂದನ್ನು ಮಾಡಿದ್ದರಲ್ಲಿ ಆ ಮೇಜಿನದೂ ಪಾಲಿದೆ. ಕ್ಷೇತ್ರ ಪುನರ್ವಿಂಗಡಣಾ ಆಯೋಗದ ನಕ್ಷೆಯದೂ ಪಾಲಿದೆ. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮುಂಚೆ ಹೈದರಾಬಾದ್ ಲೋಕಸಭಾ ಕ್ಷೇತ್ರ ನಮ್ಮ ಗಡಿಯ ತಾಂಡೂರಿನವರೆಗೆ, ವಿಕಾರಾಬಾದ್, ಚೇವೆಳ್ಳದ ಹೊಲಗಳವರೆಗೆ ಚಾಚಿತ್ತು. ಒವೈಸಿಗಳು ಜೋಳ, ತೊಗರಿಯ ಸೀಮೆಯನ್ನೂ ಸುತ್ತಬೇಕಿತ್ತು. ಆ ಹಳ್ಳಿಗಳನ್ನು ಚೇವೆಳ್ಳ ಎಂಬ ಹೊಸ ಕ್ಷೇತ್ರಕ್ಕೆ ಕೊಟ್ಟ ಮೇಲೆ ಗೆಲುವಿನ ಅಂತರ ಉಬ್ಬಿತು: 2019ರಲ್ಲಿ 2.82 ಲಕ್ಷ, 2024ರಲ್ಲಿ 3.38 ಲಕ್ಷ.

ಇಲ್ಲಿ ನನ್ನ ಬಾಗಿಲಿನ ವಾದಕ್ಕೆ ಒಂದು ಕಲ್ಲು ಅಡ್ಡ ಬರುತ್ತದೆ, ಅದನ್ನು ಸುತ್ತುಹಾಕಿ ಹೋಗಲು ಮನಸ್ಸಿಲ್ಲ. ಸಹಾಯ ಸಿಕ್ಕಿದವರಿಗೇ ಜನ ಮತ ಹಾಕುತ್ತಾರೆ ಎನ್ನುವುದಾದರೆ 1994 ನಡೆಯಬಾರದಿತ್ತು. ಬಾಬ್ರಿ ಮಸೀದಿ ಬಿದ್ದಾಗ ದೆಹಲಿಯಲ್ಲಿದ್ದದ್ದು ತೆಲಂಗಾಣದವರೇ ಆದ ಪಿ.ವಿ. ನರಸಿಂಹರಾವ್ ಸರ್ಕಾರ. ಮಜ್ಲಿಸ್ ಕಾಂಗ್ರೆಸ್ಸಿನ ಬಗ್ಗೆ ಮೆತ್ತಗಾಯಿತೆಂದು ದೂರಿ ಅಮಾನುಲ್ಲಾ ಖಾನ್ ಹೊರಬಂದು ಮಜ್ಲಿಸ್ ಬಚಾವೋ ತಹರೀಕ್ ಕಟ್ಟಿದರು. 1994ರ ವಿಧಾನಸಭೆಯಲ್ಲಿ ತಹರೀಕ್ ಎರಡು ಸ್ಥಾನ ಗೆದ್ದಿತು, ಮಾತೃಪಕ್ಷಕ್ಕೆ ಉಳಿದದ್ದು ಚಾರ್‌ಮಿನಾರ್ ಒಂದೇ. ಮೇಜು ಅಲ್ಲೇ ಇತ್ತು, ಫೋನ್ ಅಲ್ಲೇ ಇತ್ತು, ಆಸ್ಪತ್ರೆಯೂ ಇತ್ತು. ಬಡವರು, ಆ ಮೇಜಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದವರು, ಆ ಸಲ ಬೇರೆ ಲೆಕ್ಕ ಹಾಕಿದರು. ಎರಡು ವರ್ಷ ಕಳೆಯಿತು. 1996ರ ಲೋಕಸಭೆಗೆ ಬಿಜೆಪಿ ವೆಂಕಯ್ಯ ನಾಯ್ಡು ಅವರನ್ನು ಹೈದರಾಬಾದಿನಲ್ಲಿ ನಿಲ್ಲಿಸಿತು. ಗೆದ್ದದ್ದು ಮತ್ತೆ ಸಲಾಹುದ್ದೀನ್.

ಅಂದರೆ ಒಂದೇ ಮತದಾರನೊಳಗೆ ಮೂವರು ಕೂತಿರುತ್ತಾರೆ. ನಾಳೆಯ ಆಸ್ಪತ್ರೆಗೆ ಚೀಟಿ ಬೇಕಾದವನು, ಅವಮಾನ ಮರೆಯದವನು, ಎದುರಿನವನಿಗೆ ಹೆದರುವವನು. ಯಾವ ವರ್ಷ ಯಾರು ಎದ್ದು ಹೋಗಿ ಗುಂಡಿ ಒತ್ತುತ್ತಾರೆ ಎಂಬುದನ್ನು ಜಾತಿಯ ಹಾಳೆ ಹೇಳಲಾರದು. ಆರ್ಥಿಕ ಸ್ಥಿತಿಯಿಂದ ಮತವನ್ನು ವಿವರಿಸುವವರು ಮೊದಲನೆಯವನನ್ನು ಮಾತ್ರ ಕಾಣುತ್ತಾರೆ. ಧರ್ಮದಿಂದ ವಿವರಿಸುವವರು ಮೂರನೆಯವನನ್ನು. ಎರಡನೆಯವನು ಸಾಮಾನ್ಯವಾಗಿ ಯಾರ ಸಮೀಕ್ಷೆಗೂ ಸಿಗುವುದಿಲ್ಲ, ಏಕೆಂದರೆ ಅವನು ಮಾತಾಡುವುದಿಲ್ಲ.

ನೆನಪು ಕೂಡ ತನ್ನಷ್ಟಕ್ಕೆ ಪಕ್ಷ ಸೇರುವುದಿಲ್ಲ. ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ 1942ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ ಅವರ ತಾಯಿ ಮತ್ತು ಸಹೋದರಿ ನಿಜಾಮನ ಪರದ ಪಡೆಯಾದ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಸತ್ತರು. ಉಳಿದ ತಂದೆ ಮಗ ಗುಲಬರ್ಗಾ ಸೇರಿದರು. ಆ ನೆನಪಿನಿಂದ ನೇರ ಗೆರೆ ಎಳೆದರೆ ಅವರು ಯಾವ ಪಕ್ಷದಲ್ಲಿರಬೇಕು ಎಂದು ಲೆಕ್ಕ ಹಾಕುವವರು ಇವತ್ತೂ ಇದ್ದಾರೆ. 2024ರ ಮಹಾರಾಷ್ಟ್ರ ಚುನಾವಣೆಯ ಪ್ರಚಾರದಲ್ಲಿ ಯೋಗಿ ಆದಿತ್ಯನಾಥ್ ಇದನ್ನೇ ಎತ್ತಿದರು. ಆ ಕೃತ್ಯ ರಜಾಕಾರರದು, ಇಡೀ ಮುಸ್ಲಿಂ ಸಮುದಾಯದ್ದಲ್ಲ ಎಂಬರ್ಥದ ಉತ್ತರವನ್ನು ಮಗ ಪ್ರಿಯಾಂಕ್ ಕೊಟ್ಟರು. ಬೆಂಕಿಯಿಂದ ಉಳಿದ ದಲಿತ ಹುಡುಗ ಗುಲಬರ್ಗಾದಲ್ಲಿ ಕಾನೂನು ಓದಿದ, ಎಂಎಸ್‌ಕೆ ಮಿಲ್ಲಿನ ಕಾರ್ಮಿಕರ ಪರ ನಿಂತ, 1969ರಲ್ಲಿ ಕಾಂಗ್ರೆಸ್ ಸೇರಿದ. ಬೆಂಕಿಗೂ ಪಕ್ಷಕ್ಕೂ ನಡುವೆ ಒಂದು ಮಿಲ್ಲು, ಒಂದು ಕಾಲೇಜು, ಒಂದು ಸಂಘ ಇದ್ದವು. ಪೊಲೀಸ್ ಕಾರ್ಯಾಚರಣೆ ಮುಗಿದ ಸೆಪ್ಟೆಂಬರ್ 17ನ್ನು ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವವಾಗಿ, ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರ ವಿಮೋಚನೆಯಾಗಿ, ಕೆಸಿಆರ್ ಸರ್ಕಾರ ಸಮೈಕ್ಯತೆಯಾಗಿ, ರೇವಂತ್ ರೆಡ್ಡಿ ಸರ್ಕಾರ ಪ್ರಜಾಪಾಲನೆಯಾಗಿ ಆಚರಿಸಿವೆ. ನೆನಪಿಗೆ ಗಿರಾಕಿಗಳು ಬಹಳ.

ನಡುವಿನ ಸಂಸ್ಥೆ ಬಿದ್ದುಹೋದರೆ ಏನಾಗುತ್ತದೆಂಬುದಕ್ಕೆ ಹೈದರಾಬಾದಿನ ಮುಶೀರಾಬಾದ್ ಸಾಕ್ಷಿ. ಒಂದು ಕಾಲಕ್ಕೆ ಇದು ಕಾರ್ಖಾನೆಯವರ ಸೀಮೆ. ಹೈದರಾಬಾದ್ ಆಲ್ವಿನ್‌ನಲ್ಲಿ ಕೂಲಿಯಾಗಿದ್ದು ಸಂಘಟನೆಯಲ್ಲಿ ಬೆಳೆದ ಟಿ. ಅಂಜಯ್ಯ 1980ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ಅಂಥ ಅಂಜಯ್ಯ ಅವರನ್ನೇ 1978ರಲ್ಲಿ ಇಲ್ಲಿ ಸೋಲಿಸಿದ್ದ ಜನತಾ ಪಕ್ಷದ ನಾಯಿನಿ ನರಸಿಂಹ ರೆಡ್ಡಿ ಇನ್ನೊಬ್ಬ ಕಾರ್ಮಿಕ ನಾಯಕ. ಯಾವ ಯೂನಿಯನ್ನು ಎಂಬುದೇ ಆಗ ಪ್ರಶ್ನೆ. 90ರ ದಶಕದಲ್ಲಿ ಆಲ್ವಿನ್ ಕೈಬದಲಾಯಿತು, ಬಾಲಾನಗರದ ಐಡಿಪಿಎಲ್ ಕಳೆಗುಂದಿತು, ಯೂನಿಯನ್ ಕಚೇರಿಯ ಬೋರ್ಡುಗಳು ಮಸುಕಾದವು. ಕಾರ್ಮಿಕರು ಮಾಯವಾಗಲಿಲ್ಲ; ಅವರ ಮಕ್ಕಳು ಸೆಕ್ಯುರಿಟಿ ಗಾರ್ಡುಗಳಾದರು, ಡೆಲಿವರಿ ಹುಡುಗರಾದರು. ವರ್ಗ ಉಳಿಯಿತು, ವರ್ಗದ ಬಾಗಿಲು ಹೋಯಿತು. 1999ರಲ್ಲಿ, ಮತ್ತೆ 2014ರಲ್ಲಿ ಅಲ್ಲಿ ಗೆದ್ದದ್ದು ಬಿಜೆಪಿಯ ಕೆ. ಲಕ್ಷ್ಮಣ್. ಗಣೇಶೋತ್ಸವದ ಸಮಿತಿ ಯೂನಿಯನ್ನಿನ ಜಾಗಕ್ಕೆ ಬಂದಿತು ಎಂದರೆ ತೀರಾ ಸರಳವಾದೀತು, ಆದರೆ ಸಂಜೆ ನಾಲ್ಕು ಜನ ಸೇರುವ ಜಾಗ ಎಲ್ಲಿದೆಯೋ ಮತದ ಮಾತು ಅಲ್ಲೇ ಹುಟ್ಟುತ್ತದೆ. ನೆಲದಡಿಯ ಹೋರಾಟದಿಂದ ಹೊರಬಂದು 1952ರಲ್ಲಿ ನಲಗೊಂಡದಿಂದ ನೆಹರೂಗಿಂತ ಹೆಚ್ಚು ಮತ ಪಡೆದು ಗೆದ್ದ ಕಮ್ಯುನಿಸ್ಟ್ ರಾವಿ ನಾರಾಯಣ ರೆಡ್ಡಿಯವರ ಸೀಮೆಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಗೇಣಿದಾರರ ಮಕ್ಕಳಿದ್ದಾರೆ, ಅವರನ್ನು ಕೂಡಿಸುತ್ತಿದ್ದ ಸಂಘಂ ಇಲ್ಲ.

ಯಾರೂ ಕರೆಯದ ಹಿನ್ನೆಲೆ ಹೇಗೆ ಸುಮ್ಮನೆ ಮಲಗಿರುತ್ತದೆ ಎಂಬುದಕ್ಕೆ ಹೈದರಾಬಾದಿನ ಕನ್ನಡಿಗರೇ ಇದ್ದಾರೆ. ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ, ರಾಜ್ಯೋತ್ಸವದ ಭಾಷಣ, ನಾಟಕ ಎಲ್ಲವೂ ಇವೆ. ನಿಜಾಮನ ಕಾಲದಲ್ಲಿ ಕನ್ನಡದ ಜಿಲ್ಲೆಗಳಿಗೆ ಇದೇ ರಾಜಧಾನಿ, ವಕೀಲರೂ ವ್ಯಾಪಾರಿಗಳೂ ಮಾಸ್ತರರೂ ಬಂದು ನಿಂತರು. ಉಡುಪಿಯವರು ಹೋಟೆಲು ತೆರೆದರು. ಆದರೆ ಆ ಸೀಮೆಯ ಅಂಬರ್‌ಪೇಟೆ ಕ್ಷೇತ್ರದ ಯಾವ ಅಭ್ಯರ್ಥಿಯೂ ಕನ್ನಡ ಮತದ ಲೆಕ್ಕ ಇಟ್ಟುಕೊಂಡು ನಿದ್ದೆಗೆಟ್ಟದ್ದನ್ನು ಕಾಣೆ. ಭಾಷೆಯ ಕಾರಣಕ್ಕೆ ಇಲ್ಲಿ ಯಾರೂ ಠಾಣೆಯಲ್ಲಿ ಹೆದರಬೇಕಾಗಿಲ್ಲ, ಸೀಟು ಕಳೆದುಕೊಳ್ಳಬೇಕಾಗಿಲ್ಲ. ಹಾಗಾಗಿ ಕನ್ನಡಿಗ ಇಲ್ಲಿ ಬ್ರಾಹ್ಮಣನಾಗಿಯೋ ಲಿಂಗಾಯತನಾಗಿಯೋ ಫ್ಲಾಟಿನ ಮಾಲೀಕನಾಗಿಯೋ ಮತ ಹಾಕುತ್ತಾನೆ, ಕನ್ನಡಿಗನಾಗಿ ಅಲ್ಲ. ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿಯವರ ಕಥೆಯೇ ಬೇರೆ. ಅವರ ಹೆಸರು ಊರಿನ ಪಟ್ಟಿಯಲ್ಲಿ. ಪಂಚಾಯಿತಿ ಚುನಾವಣೆ ಬಂತೆಂದರೆ ಊರಿನಿಂದ ವಾಹನ ಬರುತ್ತದೆ.

ಹೀಗೆ ನೋಡಿದರೆ ಹೈದರಾಬಾದಿನ ಕಡಿಮೆ ಮತದಾನವನ್ನು ಬರೀ ಉದಾಸೀನ ಎಂದು ಬೈಯುವುದು ನಿಲ್ಲುತ್ತದೆ. 2024ರ ಲೋಕಸಭೆಯಲ್ಲಿ ಭುವನಗಿರಿಯಲ್ಲಿ ಶೇ. 76ಕ್ಕೂ ಹೆಚ್ಚು ಮತ ಬಿದ್ದರೆ ಸಿಕಂದರಾಬಾದಿನಲ್ಲಿ ಶೇ. 49, ಹೈದರಾಬಾದಿನಲ್ಲಿ ಶೇ. 48.48. ಅದೇ ಮೇ 13ರಂದು ಆಂಧ್ರದ ವಿಧಾನಸಭೆಗೂ ಮತದಾನವಿತ್ತು, ಬಸ್ಸು ರೈಲುಗಳು ತುಂಬಿ ವಿಜಯವಾಡದ ಕಡೆಗೆ ಹೋದವು. ಗಚ್ಚಿಬೌಲಿಯ ಇಂಜಿನಿಯರ್ ಮತವನ್ನು ಬಿಟ್ಟಿರಲಿಲ್ಲ. ಆಸ್ತಿ, ತಾಯಿ, ಜಾತಿಯ ಮಾನ ಇದ್ದ ಊರಿಗೆ ಕೊಂಡೊಯ್ದಿದ್ದ. ಅವನು ಬಾಳುವ ನಗರದಲ್ಲಿ ಅವನಿಗೆ ಯಾವ ಕಾರ್ಪೊರೇಟರನ ಸಹಿಯೂ ಬೇಕಿಲ್ಲ. ನೀರಿಗೆ ಟ್ಯಾಂಕರು, ಕರೆಂಟಿಗೆ ಜನರೇಟರು, ಕಾವಲಿಗೆ ಕಂಪನಿ. ಶ್ರೀಮಂತಿಕೆ ಮನುಷ್ಯನನ್ನು ಒಂದು ಪಕ್ಷದಿಂದ ಇನ್ನೊಂದಕ್ಕೆ ಕೊಂಡೊಯ್ಯುವುದಕ್ಕಿಂತ ಪಕ್ಷದ ಅಗತ್ಯದಿಂದಲೇ ಬಿಡಿಸುತ್ತದೆ. ಹಾಗೆ ಬಿಡಿಸಿಕೊಂಡವರೇ ಸಂಜೆ ಟಿವಿಯ ಮುಂದೆ ಕೂತು, ಬಡವರು ಮತ ಮಾರಿಕೊಂಡರು ಎನ್ನುತ್ತಾರೆ. ಹಳೇ ನಗರದಲ್ಲೂ ಮತದಾನ ಇಷ್ಟೇ ಕಡಿಮೆ ಎಂಬುದು ನಿಜ, ಅಲ್ಲಿ ಕಾರಣ ಬೇರೆ: ಗೆಲ್ಲುವವರು ಯಾರೆಂದು ಎಲ್ಲರಿಗೂ ಗೊತ್ತಿರುವಾಗ ಬಿಸಿಲಲ್ಲಿ ನಿಲ್ಲುವುದು ಏತಕ್ಕೆ.

2020ರ ಅಕ್ಟೋಬರಿನಲ್ಲಿ ನಗರ ಮುಳುಗಿತು. ಸರ್ಕಾರ ಸಂತ್ರಸ್ತ ಮನೆಗಳಿಗೆ ಹತ್ತು ಸಾವಿರ ರೂಪಾಯಿ ಕೊಡುತ್ತೇನೆಂದಿತು. ಸಿಕ್ಕಿದವರಿಗೆ ಸಿಕ್ಕಿತು, ಸಿಗದವರು ಸರ್ಕಾರಿ ಸೇವೆಗಳ ಮೀಸೇವಾ ಕೇಂದ್ರಗಳ ಮುಂದೆ ಸಾಲು ನಿಂತರು, ಪಾಲಿಕೆ ಚುನಾವಣೆಯ ನಡುವೆ ರಾಜ್ಯ ಚುನಾವಣಾ ಆಯೋಗ ಆ ಹಂಚಿಕೆಯನ್ನು ತಡೆಯಿತು. ಫಲಿತಾಂಶ ಬಂದಾಗ ಟಿಆರ್‌ಎಸ್ ತನ್ನ 99ರಲ್ಲಿ ನಲವತ್ತಕ್ಕೂ ಹೆಚ್ಚು ಕಳೆದುಕೊಂಡಿತ್ತು, ಬಿಜೆಪಿ 4ರಿಂದ 48ಕ್ಕೆ ಏರಿತ್ತು, ನೀರು ನಿಂತಿದ್ದ ಎಲ್.ಬಿ. ನಗರದ ಕಡೆ ಬಾಚಿಕೊಂಡಿತ್ತು. ಹಿಂದುತ್ವದ ಅಲೆ ಎಂದು ರಾಷ್ಟ್ರೀಯ ವಾಹಿನಿಗಳು ಬಣ್ಣಿಸಿದವು. ಅದೂ ಇತ್ತು. ಆದರೆ ಮೂರು ವರ್ಷಗಳ ಮೇಲೆ ಅದೇ ಎಲ್.ಬಿ. ನಗರ ಬಿಆರ್‌ಎಸ್ ಶಾಸಕರನ್ನು ಆರಿಸಿತು. ಹಿಂದುತ್ವ ಅಷ್ಟು ಬೇಗ ಇಳಿಯುವ ನೀರಲ್ಲ. ಮುಚ್ಚಿದ ಬಾಗಿಲಿನ ಮುಂದೆ ನಿಂತವರ ಸಿಟ್ಟು ಇಳಿಯುತ್ತದೆ.

ಮೆಟ್ರೊ 2017ರಲ್ಲಿ ಓಡತೊಡಗಿತು, ಹಳೇ ನಗರದ ಫಲಕ್‌ನುಮಾಕ್ಕೆ ಹೋಗಬೇಕಿದ್ದ ತುಂಡು ಮಾತ್ರ ವರ್ಷಗಟ್ಟಲೆ ಕಾಗದದಲ್ಲೇ ಉಳಿಯಿತು. ಮೇಜಿನ ಮುಂದೆ ನಿಂತು ಮಗನ ಫೀಜಿಗೆ ಚೀಟಿ ಪಡೆದ ತಂದೆಯ ಮಗ ಈಗ ಪದವಿ ಮುಗಿಸಿ ನದಿಯಾಚೆ ಕೆಲಸಕ್ಕೆ ಹೋಗಲು ಎರಡು ಬಸ್ಸು ಬದಲಿಸುತ್ತಾನೆ. ಅವನಿಗೆ ಬೇಕಾದ್ದು ಚೀಟಿಯಿಂದ ಸಿಗುವಂಥದ್ದಲ್ಲ. 2023ರ ಡಿಸೆಂಬರಿನಲ್ಲಿ ಯಾಕೂತ್‌ಪುರದ ಮತ ಎಣಿಕೆ ಮುಗಿದಾಗ ಮಜ್ಲಿಸ್ ಗೆದ್ದಿತ್ತು, ಪಕ್ಷದ ಬಲ ಎಂದಿನಂತೆ ಏಳು. ಎದುರಿಗಿದ್ದದ್ದು ಮೂವತ್ತು ವರ್ಷಗಳ ಹಿಂದೆ ಒಡೆದು ಹೋಗಿದ್ದ ಅದೇ ತಹರೀಕ್. ಅಂತರ 878.